ಮೂರು ಸುತ್ತು ಟೇಪು

ಅಪ್ಪನ ಮೇಲಿನ ಹೊದಿಕೆ ಸರಿಪಡಿಸುತ್ತಿದ್ದ ಮಗಳ ಮುಂದೆ ಚಾಂಪಿಯನ್ ತನ್ನ ಸೈಕಲ್ಲಿನ ಮುಂದಿನ ಚಕ್ರ ಚಾಚಿದ.

"ಗಾಳಿ ನಿಲ್ತಾ ಇಲ್ಲಮ್ಮ. ಮುಕ್ಕಾಲು ಗಂಟೇಲಿ ಮೆತ್ತಗಾಗಿಬಿಡುತ್ತೆ. ಸ್ವಲ್ಪ ನೋಡಿಬಿಡು."

ಅಪ್ಪನ ಹೆಣ ಇನ್ನೂ ಸೈಕಲ್ ಅಂಗಡಿಯಲ್ಲೇ ಇದೆ, ಈ ಮನುಷ್ಯನಿಗೆ ರಿಪೇರಿ ಬೇಕು! ಶವದ ಗಾಡಿಯ ಹಿಂದೆ ರೇಸ್ ಕ್ಲಬ್ಬಿನ ನಲವತ್ತು ಜನ ಸೈಕಲ್ಲಿನಲ್ಲಿ ಹೋಗುವುದೆಂದು ತೀರ್ಮಾನವಾಗಿತ್ತು. ಅಧ್ಯಕ್ಷನಾದ ಇವನು ಎಲ್ಲರಿಗಿಂತ ಮುಂದೆ. ಸ್ಮಶಾನ ಊರಿನ ಆ ತುದಿಗೆ, ಒಂದೂವರೆ ಗಂಟೆಯ ದಾರಿ.

ಅದು ಟ್ಯೂಬನ್ನು ಒಳಗಿಟ್ಟು ಹೊಲಿದು ರಿಮ್ಮಿಗೆ ಅಂಟಿಸುವ ರೇಸಿನ ಟೈರು. ರಿಮ್ಮು ಆಳ, ವಾಲ್ವು ಗಿಡ್ಡ. ಅದಕ್ಕೇ ವಾಲ್ವಿಗೆ ಎಕ್ಸ್‌ಟೆಂಡರ್ ಎಂಬ ಉದ್ದನೆಯ ಕೊಳವೆ ತಿರುಗಿಸಿ ಕೂರಿಸುತ್ತಾರೆ. ಕೂರಿಸುವ ಮೊದಲು ಥ್ರೆಡ್ಡಿಗೆ ಬಿಳಿ ಟೇಪು ಮೂರು ಸುತ್ತು ಸುತ್ತಬೇಕು. ಇಲ್ಲದಿದ್ದರೆ ಆ ಸಂದಿಯಲ್ಲೇ ಸೋರುತ್ತದೆ. ಅವಳು ಕೊಳವೆ ಬಿಚ್ಚಿದಳು. ಟೇಪಿನ ಎಳೆಯೂ ಇರಲಿಲ್ಲ.

"ಇದನ್ನ ಹಾಕಿದ್ದು ಯಾರು?"

"ನಾನೇ. ಅದೇನು ಬ್ರಹ್ಮವಿದ್ಯೆಯಾ?"

*

ಹನ್ನೊಂದು ವರ್ಷದ ಹಿಂದೆ ದೊಡ್ಡ ರೇಸಿನ ಕೊನೆಯ ಸುತ್ತಿನಲ್ಲಿ, ಅಪ್ಪ ಕೂರಿಸಿಕೊಟ್ಟಿದ್ದ ಇವನ ಟೈರು ಗಾಳಿ ಹೋಗಿ ಕೂತುಬಿಟ್ಟಿತ್ತು. "ಮೇಸ್ತ್ರಿಗೆ ವಯಸ್ಸಾಯ್ತು, ಕೈ ನಡುಗುತ್ತೆ," ಎಂದು ಮೈಕಿನಲ್ಲೇ ಹೇಳಿದ. ಆಮೇಲೆ ರೇಸಿನವರು ಒಬ್ಬರೂ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಅಪ್ಪ ಶಾಲೆಯ ಮಕ್ಕಳ ಸೈಕಲ್ಲಿಗೆ ಪಂಚರ್ ಹಾಕುತ್ತ ಕೂತ.

ಚಕ್ರ ಅಂಗಡಿಗೆ ವಾಪಸು ಬಂದಾಗ ಅದರಲ್ಲಿ ಅಪ್ಪ ಹಾಕಿದ ಕೊಳವೆಯೇ ಇರಲಿಲ್ಲ. ಫಳಫಳ ಹೊಳೆಯುವ ಬೇರೆಯದು, ಟೇಪಿಲ್ಲದೆ. ಎಲ್ಲರಿಗೂ ತೋರಿಸೋಣ ಎಂದು ಮಗಳು ಹಟ ಹಿಡಿದಳು.

"ಯಾರ ಕೈ ಅಂತ ನೋಡಿದವರು ಯಾರೂ ಇಲ್ವಲ್ಲ ಮಗಳೇ," ಎಂದ ಅಪ್ಪ.

*

ಟೇಪಿನ ಸುರುಳಿ ಅವಳ ಜೇಬಿನಲ್ಲೇ ಇತ್ತು. ಗಾಡಿ ಓಡಿಸಲು ಕೂತಿದ್ದ ಚಿಕ್ಕಪ್ಪ ಹೊತ್ತಾಯಿತೆಂದು ಅವಸರ ಮಾಡಿದ. ಅವಳು ಬೀದಿಗೆ ಬಂದು, ನಲವತ್ತು ಜನಕ್ಕೂ ಕೇಳುವ ಹಾಗೆ ಹೇಳಿದಳು.

"ಇವತ್ತು ನಾನು ಕೆಲಸ ಮುಟ್ಟಲ್ಲ. ನೀವೇ ಹಾಕ್ಕೊಳ್ಳಿ. ಪಂಪು ಇಲ್ಲಿದೆ. ಇನ್ನೇನಾದ್ರೂ ಬೇಕಾ?"

"ಏನೂ ಬೇಡ," ಎಂದ ಚಾಂಪಿಯನ್.

ಬರಿಯ ಥ್ರೆಡ್ಡಿಗೇ ಕೊಳವೆ ತಿರುಗಿಸಿದ. ಮುಂದೆ ನಿಂತಿದ್ದ ನರೆಗೂದಲಿನ ಸವಾರನೊಬ್ಬ ಏನೋ ಹೇಳಲು ಬಾಯಿ ತೆರೆದವನು ಅವಳ ಮುಖ ನೋಡಿ ಸುಮ್ಮನಾದ. ಗಾಳಿ ತುಂಬಿ ಟೈರು ಕಲ್ಲಿನಂತಾಯಿತು. ಚಾಂಪಿಯನ್ ಅದನ್ನು ತಟ್ಟಿ ಎಲ್ಲರತ್ತ ತಿರುಗಿ ನಕ್ಕ.

ಅವಳು ಗಾಡಿಯ ಹಿಂಭಾಗದಲ್ಲಿ ಅಪ್ಪನ ಪಕ್ಕ ಕೂತು ಆ ಟೈರನ್ನೇ ನೋಡುತ್ತಿದ್ದಳು. ಅಳು ಬರಲಿಲ್ಲ. ಹನ್ನೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಬೆಂಕಿಗೆ ಇವತ್ತೊಂದು ದಿನ ದಾರಿ ಸಿಕ್ಕಿತ್ತು. ಸೇತುವೆ ದಾಟುವಾಗ ಚಕ್ರ ವಾಲಾಡಿತು. ಸಂತೆಬೀದಿಗೆ ಬರುವ ಹೊತ್ತಿಗೆ ರಿಮ್ಮು ನೆಲಕ್ಕೆ ಬಡಿಯತೊಡಗಿತು. ಚಾಂಪಿಯನ್ ಇಳಿದ.

ನರೆಗೂದಲಿನವನು ಪಕ್ಕದಲ್ಲೇ ಬ್ರೇಕು ಹಿಡಿದು ಕೇಳಿದ: "ಈ ಸಲ ಯಾರ ಕೈ ನಡುಗ್ತು ಅಧ್ಯಕ್ಷರೇ?"

ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ಅವನನ್ನು ದಾಟಿ ಮುಂದೆ ಬಂದರು. ಬಂದವರೆಲ್ಲ ಗಾಡಿಯೊಳಗೆ ಮಲಗಿದ್ದ ಮೇಸ್ತ್ರಿಯ ಕಡೆ ನೋಡಿ ತಲೆತಗ್ಗಿಸಿದರು.

ಇನ್ನು ಸ್ವಲ್ಪ ಜೋರಾಗಿ ಹೋಗಲೇ ಎಂದು ಚಿಕ್ಕಪ್ಪ ಕೇಳಿದ.

"ಬೇಡ ಚಿಕ್ಕಪ್ಪ, ನಿಧಾನ. ನಡ್ಕೊಂಡು ಬರೋರಿದ್ದಾರೆ."

ಅವಳು ಟೇಪಿನ ಸುರುಳಿ ತೆಗೆದು ಅಪ್ಪನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಹಿಂದೆ, ಸ್ಮಶಾನದ ಗೇಟಿನವರೆಗೂ, ಮುಂದಿನ ಚಕ್ರ ಎತ್ತಿ ಹಿಡಿದ ಚಾಂಪಿಯನ್ನನ ರೇಸಿನ ಬೂಟು ಟಾರುರಸ್ತೆಯ ಮೇಲೆ ಟಕ್ ಟಕ್ ಎನ್ನುತ್ತಲೇ ಬಂತು.