ರವಿಕೆ ಕಣವಿಲ್ಲದ ಸೀರೆ

ಯುಗಾದಿ ಅಮಾವಾಸ್ಯೆಯ ದಿನ, ಬಿಸಿಲು ನೆತ್ತಿಯಿಂದ ಇಳಿಯುವ ಹೊತ್ತು. ಆ ವರ್ಷ ಯುಗಾದಿಯ ಬೆನ್ನಿಗೇ ನಮ್ಮ ರಂಜಾನ್ ಬಂದಿತ್ತು. ಎರಡು ಹಬ್ಬ ಕೂಡಿ ಧರ್ಮಪುರದ ಬಜಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನನಗೆ ಉಪವಾಸ. ನಮ್ಮ ಬಟ್ಟೆ ಅಂಗಡಿಯಲ್ಲಿ ಮಗ ಉಮರ್ ಹೆಂಗಸರ ಮುಂದೆ ಸೀರೆ ಬಿಚ್ಚಿ ಬಿಚ್ಚಿ ಹಾಕುತ್ತಿದ್ದ. ಆ ಗದ್ದಲದಲ್ಲಿ ನಮ್ಮೂರಿನ ರೈತ ಜಂಬಣ್ಣ ಬಂದು ಬಾಗಿಲ ಪಕ್ಕ ನಿಂತುಕೊಂಡ. ಕುಂತ್ಕಳಪ್ಪ ಎಂದೆ. ಕೂರಲಿಲ್ಲ. ಆಗಲೇ ನನಗೆ ಗೊತ್ತಾಯಿತು.

ನಮ್ಮ ಅಂಗಡಿಯಲ್ಲಿ ಸಾವಿನ ಬಟ್ಟೆಗೆ ಬಂದವರು ಕೂರುವುದಿಲ್ಲ. ನಾವೂ ಎರಡನೇ ಸಲ ಕರೆಯುವುದಿಲ್ಲ. ಸೀರೆ ಬಿಚ್ಚಿ ತೋರಿಸುವುದಿಲ್ಲ, ಹೋಗುವಾಗ ಮತ್ತೆ ಬನ್ನಿ ಎನ್ನುವುದಿಲ್ಲ, ಕೊಟ್ಟದ್ದನ್ನು ವಾಪಸ್ ಪಡೆಯುವುದಿಲ್ಲ. ಸೀರೆಯ ಕೊನೆಯಲ್ಲಿ ರವಿಕೆ ಕಣ ಇರುತ್ತದಲ್ಲ, ಅದನ್ನು ಕತ್ತರಿ ಮುಟ್ಟಿಸದೆ ಕೈಯಿಂದಲೇ ಹರಿದು ಇಟ್ಟುಕೊಳ್ಳುತ್ತೇವೆ. ಹೊಲಿಸಿಕೊಂಡು ತೊಡುವವರು ಇರುವುದಿಲ್ಲವಲ್ಲ. ಇದು ನಮ್ಮ ಅಬ್ಬಾ ನಡೆಸಿಕೊಂಡು ಬಂದದ್ದು, ಅವರಿಗೆ ಅವರ ಅಬ್ಬಾ ಹೇಳಿದ್ದು. ಈ ಸೀಮೆಯಲ್ಲಿ ಜಂಬಣ್ಣನಂಥವರ ಮನೆಯಾಗಲಿ ನಮ್ಮಂಥ ಸಾಬರ ಮನೆಯಾಗಲಿ, ಗಂಡನ ಮನೆಯಲ್ಲಿ ತೀರಿಕೊಂಡ ಹೆಣ್ಣಿಗೆ ಕೊನೆಯ ಬಟ್ಟೆ ತವರಿನಿಂದಲೇ ಬರಬೇಕು. ನಮ್ಮಲ್ಲಿ ಬಿಳಿ ಕಫನ್, ಅವರಲ್ಲಿ ಮುತ್ತೈದೆಯಾದರೆ ಹಸಿರು ಸೀರೆ. ಅದು ಬರುವವರೆಗೆ ಹೆಣ ಎತ್ತುವುದಿಲ್ಲ.

"ಯಾರು?" ಎಂದೆ ಮೆಲ್ಲಗೆ.

"ಅನುಸೂಯ."

ಜಂಬಣ್ಣನ ಒಬ್ಬಳೇ ತಂಗಿ. ಹರಿಯಬ್ಬೆಯ ಮೂರ್ತಪ್ಪನಿಗೆ ಕೊಟ್ಟಿದ್ದರು. ಧಾರೆ ಸೀರೆಯೂ ಹೋದದ್ದು ನಮ್ಮ ಅಂಗಡಿಯಿಂದಲೇ.

"ಯಾವಾಗ ಹೋದ್ಲಪ್ಪ?"

ಅವನು ಬೀದಿಯ ಕಡೆ ಮುಖ ತಿರುಗಿಸಿದ. "ಇನ್ನೂ ಐತೆ ಜೀವ. ದುರ್ಗದ ಆಸ್ಪತ್ರ್ಯಾಗೆ ಮೂಗಿಗೆ ಮಿಷನ್ ಹಾಕ್ಯಾರಂತೆ. ರಾತ್ರಿ ದಾಟದು ಕಷ್ಟ ಅಂದ್ರಂತೆ ಡಾಕ್ಟ್ರು. ಮೂರ್ತಪ್ಪ ಫೋನ್ ಮಾಡಿದ್ದ."

"ಅಲ್ಲಿಗೆ ಹೋಗಾದು ಬಿಟ್ಟು ಇಲ್ಲಿಗ್ಯಾಕೆ ಬಂದ್ಯೋ ಮಾರಾಯ?"

"ನಾಳೆ ನಾಡಿದ್ದು ನೀವೆಲ್ಲ ಬಾಗ್ಲು ಹಾಕ್ತೀರಿ ಸಾಬ್ರೆ. ಆಮ್ಯಾಲೆ ಯಾರ ಕಾಲು ಹಿಡೀಲಿ? ನಮ್ಮವ್ವನ ಕತೆ ಮರ್ತ್ರಾ?"

ಮರೆತಿರಲಿಲ್ಲ. ಅವರ ಅವ್ವ ಸತ್ತಾಗ ಹೊಸದುರ್ಗದ ಕಡೆಯ ಅವಳ ತಮ್ಮಂದಿರು ಸೀರೆ ಯಾರು ಒಯ್ಯಬೇಕೆಂದು ತಮ್ಮತಮ್ಮಲ್ಲೇ ಜಗಳ ಆಡಿಕೊಂಡು ಆ ದಿನ ಬರಲೇ ಇಲ್ಲ. ಕಡು ಬೇಸಿಗೆ. ಬೆಳಗಿನ ಹೆಣ ಮರುದಿನದವರೆಗೆ ಪಡಸಾಲೆಯ ಗೋಡೆಗೆ ಒರಗಿ ಕೂತಿತ್ತು. ಬಂದ ಹೆಂಗಸರು ಮೂಗಿಗೆ ಸೆರಗು ಹಿಡಿದರು. ಜಂಬಣ್ಣ ಆಗಿನ್ನೂ ಮೀಸೆ ಮೂಡದ ಹುಡುಗ, ಬೇವಿನ ಸೊಪ್ಪು ಹಿಡಿದು ಅವ್ವನ ಮುಖದ ಮೇಲಿನ ನೊಣ ಓಡಿಸುತ್ತಿದ್ದ. ಕೊನೆಗೆ ಆ ತಮ್ಮಂದಿರು ಬಂದು, ನಮ್ಮ ಅಂಗಡಿಯಲ್ಲೇ ಸೀರೆ ಹರಿಸಿಕೊಂಡು ಹೋದರು.

ಕೆಂಪಂಚಿನ ಹಸಿರು ಸೀರೆ ತೆಗೆದೆ. ಕಣ ಹರಿದೆ. ಆ ಸದ್ದಿಗೆ ಅಂಗಡಿಯ ಹೆಂಗಸರೆಲ್ಲ ಮಾತು ನಿಲ್ಲಿಸಿದರು. ಒಬ್ಬಾಕೆ ಆರಿಸಿಕೊಂಡಿದ್ದ ಹಬ್ಬದ ಸೀರೆಯನ್ನು ಅಲ್ಲೇ ಬಿಟ್ಟು ಎದ್ದು ಹೋದಳು.

ಜೀವ ಇರುವಾಗ ಅಂಥ ಬಟ್ಟೆ ಮನೆಯೊಳಗೆ ಬರಬಾರದು. ಜಂಬಣ್ಣ ಅದನ್ನು ಶೇಂಗಾ ಬೀಜದ ಮೂಟೆ ಇಡುವ ಕೊಟ್ಟಿಗೆಯಲ್ಲಿ, ಗಂಟು ಕಟ್ಟಿ ತೊಲೆಗೆ ತೂಗುಹಾಕಿದ. ದುರ್ಗಕ್ಕೆ ಹೋಗಲಿಲ್ಲ. ಸೀರೆ ಹಿಡಿದುಕೊಂಡು ಆಸ್ಪತ್ರೆಗೆ ಹೋಗುವಂತಿಲ್ಲ. ಬಿಟ್ಟು ಹೋದರೆ, ಫೋನು ಬಂದಾಗ ಮತ್ತೆ ಇಲ್ಲಿಗೆ ಬಂದು ಒಯ್ಯುವಷ್ಟರಲ್ಲಿ ಹೊತ್ತಾಗುತ್ತದೆ. ಹೀಗೆಂದು ಫೋನು ಕೈಯಲ್ಲಿ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತ. ಯುಗಾದಿಯ ಬೇವು ಬೆಲ್ಲವನ್ನೂ ಅಲ್ಲೇ ಕೂತು ತಿಂದನಂತೆ.

ಅನುಸೂಯ ಸಾಯಲಿಲ್ಲ.

ಮಿಷನ್ನು ತೆಗೆದರು. ಗಂಜಿ ಕುಡಿದಳು. ಗೋಡೆ ಹಿಡಿದು ನಡೆಯುವಂತಾದ ಮೇಲೆ ತವರಿಗೆ ಹೋಗಬೇಕು ಎಂದಳಂತೆ. ಜಂಬಣ್ಣನ ಹೆಂಡತಿ ಬಸಮ್ಮ ತಾನೇ ಹೋಗಿ ಕರೆದುಕೊಂಡು ಬಂದಳು. ಅಷ್ಟರಲ್ಲಿ ಮುಂಗಾರು ಹತ್ತಿರ ಬಂದಿತ್ತು. ಬಿತ್ತನೆಗೆ ಮೂಟೆ ಎಳೆಯುವಾಗ ಬಸಮ್ಮನ ಕಣ್ಣಿಗೆ ತೊಲೆಯ ಗಂಟು ಬಿತ್ತು. ಸಾವಿನ ಸುದ್ದಿ ಬರುವ ಮೊದಲೇ ಸೀರೆ ತಂದ ವಿಷಯವನ್ನು ಗಂಡ ಅವಳಿಗೆ ಹೇಳಿರಲಿಲ್ಲ. ತಂಗಿಗೆಂದು ಯುಗಾದಿಗೆ ತಂದು ಗಡಿಬಿಡಿಯಲ್ಲಿ ಮರೆತಿದ್ದಾನೆ ಎಂದುಕೊಂಡಳು. ಮಡಿಕೆ ಬಿಚ್ಚದೆ ಅಂಚಿಗೆ ಅರಿಶಿನ ಕುಂಕುಮ ಹಚ್ಚಿ, ಅಕ್ಕಿ ಎಲೆಯಡಿಕೆ ಜೊತೆ ನಾದಿನಿಯ ಮಡಿಲಿಗೆ ಹಾಕಿದಳು.

ಸಂಜೆ ಜಂಬಣ್ಣ ಓಡಿ ಬಂದ. ಚಪ್ಪಲಿ ಇರಲಿಲ್ಲ.

"ಉಟ್ಕಂಡು ಕುಂತವ್ಳೆ ಸಾಬ್ರೆ. ಪಡಸಾಲ್ಯಾಗೆ, ಅವ್ವ ಕುಂತಿದ್ದ ಜಾಗದಾಗೆ. ಅಣ್ಣಾ ಚೆಂದೈತಾ ಅಂತ ಕೇಳ್ತಾಳೆ."

"ನೀನೇನಂದೆ?"

"ಚೆಂದೈತೆ ಅಂದೆ. ಬಿಚ್ಚು ಅಂತ ಹೆಂಗನ್ಲಿ? ಯಾಕೆ ಅಂದ್ರೆ ಏನು ಹೇಳ್ಲಿ?"

"ಬಾಯಿ ಮುಚ್ಕಂಡಿರು. ಬಟ್ಟೆಗೇನು ಗೊತ್ತು ಯಾತಕ್ಕೆ ತಂದಿದ್ದು ಅಂತ."

ಅವನು ಬಾಯಿ ಮುಚ್ಚಿಕೊಂಡೇ ಇದ್ದ. ತಂಗಿಯ ಮುಖ ಮಾತ್ರ ನೋಡಲಾರದೆ, ಹೊಲದಲ್ಲೇ ಉಂಡು ಹೊಲದಲ್ಲೇ ಮಲಗತೊಡಗಿದ.

ಅದೇ ವಾರದ ಗುರುವಾರ ಅನುಸೂಯ ಅಂಗಡಿಗೆ ಬಂದಳು. ಮೈಯಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ, ಆದರೂ ನಗುತ್ತಿದ್ದಳು. ಅದೇ ಹಸಿರು ಸೀರೆ, ಅದರ ಮೇಲೆ ಹಳೆಯ ಕಂದು ರವಿಕೆ.

"ಏನ್ ರಹಮತಣ್ಣ, ವಯಸ್ಸಾದ ಮ್ಯಾಲೆ ಬ್ಲೌಸ್ ಪೀಸ್ ಕದಿಯಾದು ಕಲ್ತ್ಯಾ? ನಮ್ಮಣ್ಣ ಬಡಪಾಯಿ ಅಂತ ಮೋಸ ಮಾಡಿದ್ಯಾ?"

ಅಂಗಡಿಯಲ್ಲಿದ್ದವರು ನಕ್ಕರು. ನನಗೂ ನಗಬೇಕಾಯಿತು. ಹಿಂದಿನ ತಗಡಿನ ಪೆಟ್ಟಿಗೆಯಿಂದ ಆ ಹಸಿರು ತುಂಡು ತೆಗೆದು ಕೊಟ್ಟೆ.

"ತಗೋ ತಾಯಿ. ಮಡಚುವಾಗ ಇಲ್ಲೇ ಉಳಿದಿತ್ತು."

ಬಣ್ಣ ಒಂದೇನಾ ಎಂದು ನೋಡಲು ಅವಳು ಒಳಗೆ ಸಿಕ್ಕಿಸಿದ್ದ ಸೀರೆಯ ಕೊನೆಯನ್ನು ಎಳೆದು ತುಂಡಿನ ಪಕ್ಕ ಹಿಡಿದಳು. ಎರಡರ ಅಂಚಿನಲ್ಲೂ ನೂಲು ಜೋಲುತ್ತಿತ್ತು. ಅವಳ ಬೆರಳು ಅಲ್ಲೇ ನಿಂತಿತು.

"ಕತ್ರಿ ಹಾಕಿಲ್ಲ ಇದಕ್ಕೆ."

ನಾನು ತಗಡಿನ ಪೆಟ್ಟಿಗೆ ಮುಚ್ಚಿದೆ.

"ನಮ್ಮವ್ವನ ಸೀರೆಗೂ ಹಾಕಿರ್ಲಿಲ್ಲ. ಕುಣೀಗೆ ಇಳಿಸೋ ಮಟ ಈ ತುದಿ ಹಿಡ್ಕಂಡಿದ್ದೆ ನಾನು." ಆಮೇಲೆ ಕೇಳಿದಳು, "ಯಾವತ್ತು ಒಯ್ದ?"

"ಯುಗಾದಿ ಅಮಾಸೆ ದಿನ," ಎಂದೆ. ಉಪವಾಸದ ತಿಂಗಳು ಕಳೆದಿದ್ದರೂ ಆ ಮುಖಕ್ಕೆ ಇನ್ನೊಂದು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

ಅವಳನ್ನು ಒಬ್ಬಳೇ ಕಳಿಸುವ ಧೈರ್ಯವಾಗದೆ ಜೊತೆಗೆ ಹೋದೆ. ದಾರಿಯುದ್ದಕ್ಕೂ ಆ ತುಂಡನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಜಂಬಣ್ಣ ಹೊಲದಿಂದ ಬಂದು ಮನೆಯ ಮುಂದೆ ಎತ್ತಿಗೆ ನೀರು ಇಡುತ್ತಿದ್ದ. ನಮ್ಮಿಬ್ಬರನ್ನು ನೋಡಿದವನೇ ಬಕೆಟ್ ಕೆಳಗಿಟ್ಟ.

"ಅಣ್ಣಾ, ಸಾಯ್ಲಿ ಅಂತ ತಂದ್ಯಾ, ಸತ್ರೆ ಇರ್ಲಿ ಅಂತ ತಂದ್ಯಾ?"

"ಹೊತ್ತಾಗಬಾರ್ದು ಅಂತ ತಂದೆ ಕಣವ್ವ. ಅವ್ವನಂಗೆ ನೀನು ಕಾಯಬಾರ್ದು ಅಂತ."

"ಕಾದೆನಲ್ಲ. ಜೀವ ಇಟ್ಕಂಡು ಕಾದೆ. ಬಾಯಿಗೆ ಮಾತಿರ್ಲಿಲ್ಲ, ಕಣ್ಣು ಕಾಣ್ತಿತ್ತು. ಬಾಗ್ಲು ತೆಗೆದಾಗೆಲ್ಲ ಅಣ್ಣ ಬಂದ ಅಂತ ನೋಡಿದೆ. ಊರೋರೆಲ್ಲ ಬಂದ್ರು. ನಿನಗೆ ಬಟ್ಟೆ ಅಂಗಡಿಗೆ ಹೋಗಾಕೆ ಕಾಲಿತ್ತು, ನನ್ನ ತಾವ ಬರಾಕೆ ಇರ್ಲಿಲ್ಲ."

ಬಸಮ್ಮ ಒಳಗಿನಿಂದ ಬಂದು ಏನು ಎತ್ತ ಎಂದು ಕೇಳಿದಳು. ತಿಳಿದ ಮೇಲೆ ಅಲ್ಲೇ ಕುಸಿದು ತಲೆ ಚಚ್ಚಿಕೊಂಡಳು. "ಅಯ್ಯೋ, ನನ್ನ ಕೈಯಾರೆ ಮಡಿಲು ತುಂಬಿದ್ನಲ್ಲೇ. ಬಿಚ್ಚಿ ಹಾಕವ್ವ ಅದನ್ನ, ಸುಟ್ಟು ಹಾಕ್ತೀನಿ."

"ಯಾಕೆ ಸುಡ್ತೀಯ ಅತ್ಗೆ? ತವರಿನ ಸೀರೆ," ಎಂದಳು ಅನುಸೂಯ. ಅಣ್ಣನ ಕಡೆ ತಿರುಗಿದಳು. "ನಾನು ಸತ್ತಾಗ ಇನ್ನೊಂದು ತರಬ್ಯಾಡ. ನಿನ್ನ ಕೆಲ್ಸ ಮುಗೀತು."

ಜಂಬಣ್ಣ ಬಕೆಟ್ ಎತ್ತಿಕೊಂಡು, ಆಗಲೇ ನೀರು ಕುಡಿದಿದ್ದ ಎತ್ತಿನ ಮುಂದೆ ಮತ್ತೆ ಇಟ್ಟ.

ಮರುದಿನ ಜುಮ್ಮಾ ನಮಾಜಿಗೆಂದು ಅಂಗಡಿಯ ಬಾಗಿಲು ಎಳೆಯುತ್ತಿದ್ದೆ. ಬಸ್ ನಿಲ್ದಾಣದ ಕಡೆ ಅನುಸೂಯ ಚೀಲ ಹಿಡಿದು ಬರುತ್ತಿದ್ದಳು, ಮೈಮೇಲೆ ಅದೇ ಹಸಿರು ಸೀರೆ. ಹಿಂದೆ ಬಸಮ್ಮ ಅವಳ ಕೈ ಜಗ್ಗುತ್ತಿದ್ದಳು.

"ನಿನ್ನ ಕಾಲಿಗೆ ಬೀಳ್ತೀನಿ, ಇವತ್ತು ಬ್ಯಾಡ ಕಣೆ. ಮಂಗ್ಳಾರ ಶುಕ್ರಾರ ಮನೆಮಗಳನ್ನ ಕಳಿಸಬಾರ್ದು. ನಾಳೆ ಹೋಗುವಂತೆ."

"ಮನೆಮಗಳಾಗಿದ್ರೆ ತಾನೆ ಅತ್ಗೆ."

ನನ್ನ ಮುಂದೆ ಬಂದು ನಿಂತಳು. ಮುಷ್ಟಿಯಲ್ಲಿ ಮುದುಡಿಹೋಗಿದ್ದ ರವಿಕೆ ಕಣವನ್ನು ನನ್ನ ಕೈಗೆ ಇಟ್ಟಳು.

"ಇಟ್ಕಳಪ್ಪ ರಹಮತಣ್ಣ. ಇದು ಬೇಕಾಗಲ್ಲ."

ಬಾಯಿಗೆ ಬಂದ ಮಾತು ಮತ್ತೆ ಬಾ ತಾಯಿ ಎಂಬುದು. ಆ ಸೀರೆ ನೋಡಿ ನುಂಗಿಕೊಂಡೆ.

ಜಂಬಣ್ಣ ರಸ್ತೆಯ ಆಚೆ, ಟೀ ಅಂಗಡಿಯ ಕಂಬದ ಮರೆಯಲ್ಲಿ ನಿಂತಿದ್ದ. ಈಚೆ ದಾಟಿ ಬರಲಿಲ್ಲ. ಅವಳೂ ಆ ಕಡೆ ನೋಡಲಿಲ್ಲ. ಮಸೀದಿಯಲ್ಲಿ ಬಾಂಗ್ ಕೂಗುವಾಗ ಬಸ್ಸು ಬಂತು. ಅನುಸೂಯ ತವರು ಬಿಟ್ಟು ಹರಿಯಬ್ಬೆಗೆ ಹೋದಳು. ಅವತ್ತು ಶುಕ್ರವಾರ.