ಗೋದಾಮು ಯಾರದು?

ಬೆಸಗರಹಳ್ಳಿಯ ಮುದ್ದಮ್ಮನಿಗೆ ಆ ಬೆಳಿಗ್ಗೆ ಯಾವ ಕೆಲಸದಲ್ಲೂ ಕೈ ನಿಲ್ಲಲಿಲ್ಲ. ಆರಿಸಿದ ಅಕ್ಕಿಯನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡಳು. ಎದ್ದು ಬೀದಿ ನೋಡಿದಳು, ಬಂದು ಕೂತಳು, ಮತ್ತೆ ಎದ್ದಳು.

ಮದ್ದೂರಿನಲ್ಲಿ ಅಕ್ಕಿ ಗಿರಣಿ ಕಂಪನಿಯ ವಾರ್ಷಿಕ ಸಭೆ. ಹಾಲು ಕರೆಯುವ ಎಮ್ಮೆ ಮಾರಿ ಅದರ ಷೇರು ಕೊಂಡವಳು ಅವಳು. ಷೇರು ಎಂದರೆ ಕಂಪನಿಯಲ್ಲಿ ಒಂದು ಪಾಲು. ಈಗ ಕಂಪನಿ ಒಂದು ಗೋದಾಮು ಕೊಳ್ಳಲು ಹೊರಟಿತ್ತು. ಅದು ಅಧ್ಯಕ್ಷರಾದ ಕಸ್ತೂರಿರಂಗಯ್ಯನವರ ಭಾವಮೈದುನನದು. ಮಳೆಗಾಲದಲ್ಲಿ ಒಳಗೆ ಮೊಣಕಾಲುದ್ದ ನೀರು. ಬೆಸಗರಹಳ್ಳಿಯಲ್ಲಿ ಇದು ಗೊತ್ತಿಲ್ಲದವರಿಲ್ಲ. ಕಂಪನಿ ಕಳಿಸಿದ ವರದಿಯಲ್ಲಿ ಮಾತ್ರ ‘ಒಂದು ಉತ್ತಮ ಗೋದಾಮು’ ಎಂದಷ್ಟೇ ಇತ್ತು. ಅಲ್ಲಿ ಭತ್ತ ಕೊಳೆತರೆ ಅವಳ ಎಮ್ಮೆಯ ದುಡ್ಡೂ ಅದರ ಜೊತೆಗೇ ಹೋದಂತೆ.

“ಸಭೇಲಿ ಕೇಳೋದಾ, ಬ್ಯಾಡ್ವಾ?” ಎಂದಳು ಗಂಡನನ್ನು.

“ಬ್ಯಾಡ ಬುಡಮ್ಮಿ,” ಎಂದ ದೊಡ್ಡಸಿದ್ದಯ್ಯ. “ಮಗೀಗೆ ಜ್ವರ ಬಂದಾಗ ತಮ್ಮ ಮೋಟ್ರಲ್ಲಿ ಮಂಡ್ಯದ ಆಸ್ಪತ್ರೆಗೆ ಕರ್ಕಂಡೋದೋರು ಕಸ್ತೂರಿರಂಗಯ್ಯನೋರೇ ಅಲ್ವಾ? ಇವತ್ತು ಒಬ್ಬಟ್ಟಿನ ಊಟ ಬ್ಯಾರೆ ಆಕ್ತಾರಂತೆ. ಅವ್ರ ಊಟ ಉಂಡು ಅವ್ರನ್ನೇ ಎಂಗೆ ಕೇಳೀಯೆ?”

ಮುದ್ದಮ್ಮ ಅದನ್ನು ಮರೆತಿರಲಿಲ್ಲ. ಅಂದು ಮೋಟಾರಿನಲ್ಲಿ ಅವರು ತಮ್ಮ ಶಾಲನ್ನೇ ಮಗುವಿಗೆ ಹೊದಿಸಿದ್ದರು.

ಅಷ್ಟರಲ್ಲಿ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ ಪದ್ಮಮ್ಮ ಬಂದರು. ಅವರೂ ಷೇರುದಾರರೇ. “ಹೊರಡೋಣ್ವಾ ಮುದ್ದಮ್ಮ? ಬಸ್ಸಲ್ಲಿ ನಿಮಗೂ ಜಾಗ ಹಿಡಿಯೋಕೆ ಹೇಳಿ ಬಂದಿದೀನಿ.”

“ನೀವಾರ ಏಳಿ ಅಮ್ಮಾವ್ರೆ,” ಎಂದ ದೊಡ್ಡಸಿದ್ದಯ್ಯ. “ಉಪಕಾರ ಮಾಡ್ದೋರ್ನ ಇವ್ಳು ಕಳ್ಳ ಅನ್ನದಾ?”

“ಕಳ್ಳ ಅಂತ ಯಾರು ಅಂದ್ರು ಸಿದ್ದಯ್ಯ? ಸಂಬಂಧ ಇದ್ದರೆ ಹೇಳಿ ಅಂತ ಕೇಳೋದು, ಅಷ್ಟೆ. ಮೋಟಾರು ಅವರ ಸ್ವಂತದ್ದು. ಅದಕ್ಕೆ ಕೈ ಮುಗಿಯೋಣ. ಕಂಪನಿ ದುಡ್ಡು ನಮ್ಮೆಲ್ಲರದ್ದು. ಒಬ್ಬಟ್ಟೂ ಅದರಲ್ಲೇ ಬರೋದು.”

“ಅಂಗಾರೆ ನಮ್ಮ ಎಮ್ಮೇನೇ ನಮ್ಗೆ ಬಡಿಸ್ತಾವ್ರಾ?” ಎಂದ ದೊಡ್ಡಸಿದ್ದಯ್ಯ.

“ಹೂಂ. ಮಜ್ಜಿಗೆ ಸಮೇತ,” ಎಂದು ಪದ್ಮಮ್ಮ ನಕ್ಕರು.

“ಆದ್ರೂ ಎಲ್ರಿಗೂ ಗೊತ್ತಿರೋದ್ನ ಕೇಳಿ ಏನ್ ಬಂತು?” ಎಂದ ಅವನು.

“ಬೆಸಗರಹಳ್ಳಿಗೆ ಗೊತ್ತು. ದೂರದ ಬ್ಲಫ್ ಊರಲ್ಲಿ ಕರೆಂಟು ತಯಾರಿಸೋ ಕೆಲಸದೋರು, ಮಳವಳ್ಳಿಯೋರು ಷೇರು ತಗೊಂಡಿದಾರಲ್ಲ, ಅವರಿಗೆ ಯಾರು ಹೇಳ್ತಾರೆ? ಅಧ್ಯಕ್ಷರೇ ಹೇಳಬೇಕು. ತಮ್ಮವರ ವ್ಯವಹಾರಕ್ಕೆ ತಾವೇ ಒಪ್ಪಿಗೆ ಅಂತ ಕೈ ಎತ್ತಲೂಬಾರದು.”

ದೊಡ್ಡಸಿದ್ದಯ್ಯ ಒಳಗಿನಿಂದ ಕೊಡೆ ತಂದು ಹೆಂಡತಿಯ ಕೈಗಿಟ್ಟ. “ಬಿಸ್ಲು ಜೋರಾಗೈತೆ.”

ಗಿರಣಿಯ ಅಂಗಳದಲ್ಲಿ ಹೂರಣದ ಘಮ. ಎಲೆ ಹಾಕುವ ಮೊದಲೇ ಗೋದಾಮಿನ ಠರಾವು ಓದಿದರು. ಕೈಗಳು ಏಳತೊಡಗಿದವು. ಮುದ್ದಮ್ಮ ಕೊಡೆ ಊರಿ ಎದ್ದು ನಿಂತಳು. ಮುಂದೆ ಕೂತಿದ್ದ ಬ್ಲಫ್‌ನ ಗುಮಾಸ್ತರೊಬ್ಬರು, ಹಿಡಿದುಕೊಳ್ಳಲೆಂದು ತಮ್ಮ ಕುರ್ಚಿಯನ್ನು ಮೆಲ್ಲನೆ ಅವಳತ್ತ ಸರಿಸಿದರು.

“ಬುದ್ಧಿ, ನನ್ ಮಗೀನ ಉಳ್ಸಿದೋರು ನೀವು. ಸಾಯೋಗಂಟ ಮರೆಯಾಕಿಲ್ಲ. ಆದ್ರೂ ಒಂದ್ ಮಾತು. ಆ ಗೋದಾಮು ಯಾರ್ದು, ಮಳೇಲಿ ನೀರು ನಿಲ್ತದಾ ಇಲ್ವಾ, ಎಲ್ರಿಗೂ ಕೇಳಂಗೆ ಏಳ್ಬುಡಿ.”

ಎತ್ತಿದ ಕೈಗಳು ಇಳಿದವು. ಕಸ್ತೂರಿರಂಗಯ್ಯನವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

“ನನ್ನ ಭಾವಮೈದುನನದು,” ಎಂದರು ಕೊನೆಗೆ. “ನೀರೂ ನಿಲ್ಲುತ್ತೆ. ವರದಿಯಲ್ಲಿ ಬರೆಸಬೇಕಿತ್ತು.” ಅಧ್ಯಕ್ಷರ ಕುರ್ಚಿ ಬಿಟ್ಟು ಪಕ್ಕಕ್ಕೆ ಹೋಗಿ ಕೂತರು. ಉಳಿದವರು ಮಾತಾಡಿಕೊಂಡು ಆ ಗೋದಾಮು ಬೇಡವೆಂದರು.

ಸಂಜೆ ದೊಡ್ಡಸಿದ್ದಯ್ಯ ಬಸ್ಸು ನಿಲ್ಲುವಲ್ಲಿಗೇ ಬಂದಿದ್ದ. “ಬೈದ್ರಾ?”

“ಇಲ್ಲ. ಮಗ ಎಂಗವ್ನೆ ಅಂತ ಕೇಳುದ್ರು.”

ಅವನು ಅವಳ ಕೈಯ ಕೊಡೆ ತೆಗೆದುಕೊಂಡ. “ಬರೋ ವರ್ಸಾನೂ ಕೇಳು ಕಣಮ್ಮಿ. ನಾನೂ ಬಂದು ಸಭೆ ಬಾಗ್ಲಲ್ಲಿ ನಿಂತಿರ್ತೀನಿ.”

ಅಮ್ಮಂದಿರೇ, ಅಕ್ಕಂದಿರೇ, ನೀವೂ ಷೇರು ಕೊಂಡಿದ್ದರೆ ಕಂಪನಿಯ ವರದಿಯನ್ನು ಓದಿ. ಓದಲು ಬಾರದಿದ್ದರೆ ಓದಿಸಿ ಕೇಳಿ. ಸಭೆಗೆ ಹೋಗಿ. ಯಾರಿಂದ ಕೊಳ್ಳುತ್ತಿದ್ದೀರಿ, ಅವರು ನಿಮಗೇನಾಗಬೇಕು ಎಂದು ನಡೆಸುವವರನ್ನು ಮರ್ಯಾದೆಯಿಂದಲೇ ಕೇಳಿ. ಉತ್ತರ ಸಿಗುವ ತನಕ ಕೈ ಎತ್ತಬೇಡಿ.