ಕನ್ನಡಿ ಹಿಡಿದ ಹೆಂಗಸು

ಸ್ಮಶಾನದ ಕಾವಲುಗಾರನಿಗೆ ಆ ಹೆಂಗಸನ್ನು ಕಂಡ ಕೂಡಲೇ ಅನುಮಾನ ಬಂತು. ಸಮಾಧಿ ನೋಡಲು ಬರುವವರು ಹೂವು ತರುತ್ತಾರೆ. ಇವಳು ತಂದದ್ದು ಮೊಳದುದ್ದದ ಕನ್ನಡಿ, ಕ್ಯಾಮೆರಾ, ನೋಟ್‌ಬುಕ್ಕು. ಜಾಗ ನುಂಗುವವರ ಕಡೆಯವಳೇ ಇರಬೇಕೆಂದು, ಕೈಯಲ್ಲಿದ್ದ ತಂತಿ ಬ್ರಷ್ಷಿನ ಸಮೇತ ಅವಳ ಬೆನ್ನಿಗೆ ಬಿದ್ದ.

"ಯಾರಮ್ಮಾ ನಿಮ್ಮನ್ನ ಕಳಿಸಿದ್ದು?"

"ಯಾರೂ ಇಲ್ಲಣ್ಣ. ಹಳೇ ಕಲ್ಲುಗಳ ಬರಹ ಪೂರ್ತಿ ಅಳಿಸಿಹೋಗೋ ಮುಂಚೆ ಬರ್ಕೊಳ್ತಿದೀನಿ."

ಅವಳು ಕಲ್ಲಿಗೆ ಬೆರಳೂ ತಾಗಿಸದೆ ಕನ್ನಡಿಯಿಂದ ಬಿಸಿಲನ್ನು ಓರೆಯಾಗಿ ಬಿಟ್ಟಳು. ನೂರಾರು ವರ್ಷದ ಸವೆದ ಅಕ್ಷರಗಳು ನೆರಳು ಕಟ್ಟಿಕೊಂಡು ಎದ್ದು ಕೂತವು. ಅವಳು ಪಟಪಟನೆ ಓದಿದಳು.

ಬಾಯಿಗೆ ಬಂದದ್ದು ಹೇಳ್ತಿದಾಳೆ, ಕೇಳೋರ್ಯಾರು ಎಂದುಕೊಂಡ ಕಾವಲುಗಾರ. ಅವಳ ಬಣ್ಣ ಬಯಲು ಮಾಡಲೆಂದೇ ಮೂಲೆಯಲ್ಲಿ ಬೆಳ್ಳಗೆ ಹೊಳೆಯುವ ಕಲ್ಲಿನ ಹತ್ತಿರ ಕರೆದೊಯ್ದ. ಅದು ಅವನ ಅಮ್ಮನ ಸಮಾಧಿ. ಮೂವತ್ತು ವರ್ಷದಿಂದ ವಾರ ತಪ್ಪದೆ ತಿಕ್ಕಿ ತೊಳೆದಿದ್ದ. ಅದರ ಮೇಲೆ ಕೆತ್ತಿಸಿದ್ದ ನಾಲ್ಕು ಸಾಲೂ ಅವನಿಗೆ ಬಾಯಿಪಾಠ.

"ಇದನ್ನ ಓದಿ, ನೋಡೋಣ."

ಅವಳು ಕನ್ನಡಿಯನ್ನು ಎಡಕ್ಕೆ ಹಿಡಿದಳು, ಬಲಕ್ಕೆ ಹಿಡಿದಳು, ನೆಲಕ್ಕೆ ಕೂತು ಹಿಡಿದಳು.

"ಏನೂ ಉಳಿದಿಲ್ಲಣ್ಣ. ಯಾರೋ ವರ್ಷಗಟ್ಟಲೆ ತಂತಿ ಬ್ರಷ್ಷಲ್ಲಿ ಉಜ್ಜಿ ಸಪಾಟು ಮಾಡಿದಾರೆ. ನಿಮಗೆ ಯಾರ ಮೇಲಾದ್ರೂ ಅನುಮಾನ ಇದೆಯಾ?"

ಕಾವಲುಗಾರ ಬ್ರಷ್ಷನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದ.